ವಿಮಾನ ಹತ್ತುವ ಮುಂಚೆ ಬಿದ್ದ ಮಾತು

ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ, ಹೊಸ ತಿಪ್ಪಸಂದ್ರದ ನಮ್ಮ ನಡುಮನೆ. ಹಾಜರಿದ್ದವರು: ನಾನು, ನನ್ನ ಹೆಂಡತಿ ಸರೋಜ, ಆರು ವರ್ಷದ ಮೊಮ್ಮಗಳು ಇಂಚರ, ಮೂರು ವರ್ಷದ ಮೊಮ್ಮಗ ನಚ್ಚು. ಗೈರುಹಾಜರು: ನನ್ನ ಧೈರ್ಯ. ಇದನ್ನು ಆಗ ಯಾರಿಗೂ ಹೇಳಿರಲಿಲ್ಲ. ಹೆದರಿಕೆಯಲ್ಲಿ ಎರಡು ಬಗೆ ಉಂಟು. ನಾಯಿ, ಜಿರಲೆ, ಹಲ್ಲಿನ ಡಾಕ್ಟರು, ಇವಕ್ಕೆ ಹೆದರುವವರು ನಾಲ್ಕು ಜನರ ಮುಂದೆ ನಗುನಗುತ್ತಾ ಹೇಳಿಕೊಳ್ಳಬಹುದು. ಆದರೆ ವಿಮಾನದ ಕಾರ್ಖಾನೆಯಲ್ಲಿ ಒಂದು ಆಯುಷ್ಯ ಕಳೆದು ನಿವೃತ್ತನಾದವನು, ತಾನು ಇನ್ನೂ ವಿಮಾನ ಹತ್ತಿಲ್ಲ, ಹತ್ತಲು ಕೈಕಾಲು ನಡುಗುತ್ತವೆ ಎಂದು ಯಾರ ಹತ್ತಿರ ಹೇಳಿಕೊಳ್ಳಬೇಕು? ಬೀದಿಯ ಕೊನೆಯ ತರಕಾರಿಯವನು ಕೂಡ ನನ್ನನ್ನು ತೋರಿಸಿ, "ಸಾರ್ ಏರೋಪ್ಲೇನ್‌ನೋರು" ಎನ್ನುತ್ತಾನೆ. ನಾನೇ ನಾಲ್ಕೈದು ಮಾಡಿ ಹಾರಿಸಿದ್ದೇನೆ ಎಂಬಂತೆ.

ನಿಜ ಏನೆಂದರೆ, ನಾನಿದ್ದದ್ದು ಬೆಂಕಿ ನಂದಿಸುವ ವಿಭಾಗದಲ್ಲಿ. ಹೊಸ ವಿಮಾನವೊಂದು ಪರೀಕ್ಷೆಗೆ ಹಾರುವಾಗಲೆಲ್ಲ ರನ್‌ವೇ ಪಕ್ಕದಲ್ಲಿ ನಮ್ಮ ಬೆಂಕಿ ಗಾಡಿ ಎಂಜಿನ್ ಚಾಲೂ ಮಾಡಿಕೊಂಡು ನಿಲ್ಲಬೇಕು. ನಾವು ದಪ್ಪ ಕೋಟು, ಬೂಟು, ಶಿರಸ್ತ್ರಾಣ ತೊಟ್ಟು ಗಾಡಿಯೊಳಗೆ ಕೂತು ಆಕಾಶ ನೋಡಬೇಕು. ವಿಮಾನ ಇಳಿದು ನಿಲ್ಲುವವರೆಗೆ ಟೀ ಇಲ್ಲ, ಬೀಡಿ ಇಲ್ಲ, ಹರಟೆ ಇಲ್ಲ. ಒಂದು ಸಲವೂ ಏನೂ ಆಗಲಿಲ್ಲ. ಆದರೆ ಏನಾದರೂ ಆಗಬಹುದು ಎಂದು ಸಂಬಳ ತೆಗೆದುಕೊಂಡು ನಂಬಿದವನು ನಾನು. ಬೇರೆಯವರಿಗೆ ವಿಮಾನ ಕಂಡರೆ ಊರು, ರಜೆ, ನೆಂಟರು ನೆನಪಾಗುತ್ತಾರೆ. ನನಗೆ ನೀರಿನ ಪೈಪು ನೆನಪಾಗುತ್ತದೆ.

ಇಂಥವನ ಕೈಗೆ ಮಗಳು ರೂಪ ಎರಡು ಮಕ್ಕಳನ್ನೂ ನಾಲ್ಕು ಟಿಕೆಟ್ಟನ್ನೂ ಕೊಟ್ಟಿದ್ದಳು. ಅವಳದು ವಿಮಾ ಕಚೇರಿಯ ಕೆಲಸ, ಭುವನೇಶ್ವರಕ್ಕೆ ವರ್ಗವಾಗಿತ್ತು. ಗಂಡ ಹೆಂಡತಿ ಮೊದಲು ಹೋಗಿ ಮನೆ ಹುಡುಕುವುದು, ಶಾಲೆ ಮುಗಿದ ಮೇಲೆ ಮಕ್ಕಳನ್ನು ನಾವು ಕರೆದೊಯ್ಯುವುದು ಎಂದು ಮಾತಾಗಿತ್ತು. ರೈಲಿನ ವಿಷಯ ನಾನು ಎತ್ತಿದ್ದೆ. "ಅಷ್ಟು ದೂರ ಈ ಎರಡು ಕೋತಿಗಳನ್ನ ರೈಲಲ್ಲಿ ಹಿಡ್ಕೊಂಡಿರಕ್ಕಾಗುತ್ತಾ ಅಪ್ಪಾ? ನಿಮಗೇನು ಭಯಾನಾ?" ಎಂದು ಕೇಳಿದಳು. "ನನಗಾ?" ಎಂದು ನಕ್ಕೆ. ಆ ನಗುವಿಗೆ ಎರಡು ತಿಂಗಳಿಂದ ಬಡ್ಡಿ ಕಟ್ಟುತ್ತಿದ್ದೆ. ಭಾನುವಾರ ಬೆಳಿಗ್ಗೆ ಹೊರಡಬೇಕು. ಅಮ್ಮನನ್ನು ಬಿಟ್ಟು ಅಷ್ಟು ದಿನ ಇದ್ದ ಮಕ್ಕಳು ಆ ಭಾನುವಾರವನ್ನೇ ಕಾಯುತ್ತಿದ್ದವು.

ಹೆದರಿದ ಮನುಷ್ಯ ತನಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತಾನೆ. ನನಗೆ ಗೊತ್ತಿದ್ದದ್ದು ಮಾಕ್ ಡ್ರಿಲ್. ಕಾರ್ಖಾನೆಯಲ್ಲಿ ತಿಂಗಳಿಗೊಂದು ಸಲ ಸೀಟಿ ಊದಿ, ಇಲ್ಲದ ಬೆಂಕಿಗೆ ಎಲ್ಲರನ್ನೂ ಹೊರಗೆ ಓಡಿಸುತ್ತಿದ್ದೆವು. ಅಭ್ಯಾಸವಾದರೆ ಭಯ ಹೋಗುತ್ತದೆ ಎಂಬುದು ನಮ್ಮ ವಿಭಾಗದ ಸಿದ್ಧಾಂತ. ಆದ್ದರಿಂದ ಊಟದ ಮೇಜಿನ ಕುರ್ಚಿಗಳನ್ನು ಎರಡೆರಡರಂತೆ ಸಾಲಾಗಿಟ್ಟೆ. ಹಳೆಯ ಪಂಚೆ ಹರಿದು ಬೆಲ್ಟು ಮಾಡಿದೆ. ಬಾಲ್ಕನಿಯ ಬಾಗಿಲನ್ನು ತುರ್ತು ಬಾಗಿಲು ಎಂದು ಘೋಷಿಸಿದೆ. ಸರೋಜಳಿಗೆ ಗಗನಸಖಿಯ ಪಾತ್ರ. "ಒಲೆ ಮೇಲೆ ಹುಳಿ ಕುದೀತಿದೆ. ಈ ಮಂಡಿನೋವಲ್ಲಿ ಗಗನಸಖಿ ಬೇರೆ ಕೇಡು!" ಎನ್ನುತ್ತಲೇ ಅವಳು ತಟ್ಟೆಯಲ್ಲಿ ನಾಲ್ಕು ಕೋಡುಬಳೆ ಇಟ್ಟುಕೊಂಡು ಬಂದಳು. ಅಷ್ಟರವರೆಗೆ ಮಕ್ಕಳಿಗೆ ಆನಂದವೋ ಆನಂದ. ನಚ್ಚು ಕೋಡುಬಳೆಯನ್ನೇ ಸ್ಟೀರಿಂಗ್ ಮಾಡಿಕೊಂಡು ಭರ್ ಎಂದು ವಿಮಾನ ಓಡಿಸುತ್ತಿದ್ದ.

ನಾನು ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧ ಬರೆಯುವ ಅಗತ್ಯ ಇರುತ್ತಿರಲಿಲ್ಲ. ಆದರೆ ಅರ್ಧ ಡ್ರಿಲ್ ಮಾಡಿ ಅಭ್ಯಾಸವಿಲ್ಲ. ತಲೆ ಬಗ್ಗಿಸಿ ಮಂಡಿಗೆ ತಾಗಿಸುವುದು ಹೇಗೆ, ಒದ್ದೆ ಕರವಸ್ತ್ರವನ್ನು ಮೂಗಿಗೆ ಹಿಡಿಯುವುದು ಹೇಗೆ, ಸೀಟಿ ಕೇಳಿದ ತಕ್ಷಣ ಸಾಮಾನು ಬಿಟ್ಟು ತುರ್ತು ಬಾಗಿಲಿಗೆ ಓಡುವುದು ಹೇಗೆ, ಎಲ್ಲವನ್ನೂ ಹೇಳಿಕೊಟ್ಟು ಸೀಟಿ ಊದಿದೆ. ನಚ್ಚು "ಢಮಾರ್!" ಎಂದು ಕೂಗುತ್ತಾ ಓಡಿದ. ಇಂಚರ ಕುರ್ಚಿ ಬಿಟ್ಟು ಏಳಲಿಲ್ಲ.

"ತಾತ, ಯಾಕೆ ಓಡ್ಬೇಕು?"

"ಬೆಂಕಿ ಬಿದ್ರೆ ಓಡ್ಬೇಕಲ್ಲ ಪುಟ್ಟಿ."

"ಏರೋಪ್ಲೇನ್‌ಗೆ ಬೆಂಕಿ ಬೀಳುತ್ತಾ?"

"ಛೆ, ಬೀಳಲ್ಲ. ಅಕಸ್ಮಾತ್ ಬಿದ್ರೆ ಅಂತ ಅಷ್ಟೆ."

ಅವಳು ಬೆಲ್ಟಿನ ಗಂಟು ಹಿಡಿದುಕೊಂಡೇ ಕೇಳಿದಳು. "ಬಿದ್ರೆ ಅಂದ್ರೆ, ಬೆಂಕಿ ಬಿದ್ರೇನಾ, ಏರೋಪ್ಲೇನ್ ಬಿದ್ರೇನಾ?"

ಕನ್ನಡದಲ್ಲಿ ಬೆಂಕಿಯೂ ಬೀಳುತ್ತದೆ, ವಿಮಾನವೂ ಬೀಳುತ್ತದೆ. ಇಷ್ಟು ವರ್ಷ ಬೆಂಕಿ ಬೀಳುವುದರ ಬಗ್ಗೆ ಭಾಷಣ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಉತ್ತರ ತಕ್ಷಣ ಬರಲಿಲ್ಲ. ಮಕ್ಕಳಿಗೆ ದೊಡ್ಡವರ ಉತ್ತರಕ್ಕಿಂತ ಅವರು ತಡಮಾಡುವುದೇ ಚೆನ್ನಾಗಿ ಅರ್ಥವಾಗುತ್ತದೆ. ಇಂಚರ ಬೆಲ್ಟು ಬಿಚ್ಚಿ, ಎದ್ದು ಒಳಗೆ ಹೋಗಿ, ಸೂಟ್‌ಕೇಸಿನಿಂದ ತನ್ನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಂಚದ ಮೇಲೆ ಇಟ್ಟಳು. "ನಾನು ಬರಲ್ಲ. ಅಮ್ಮನ್ನೇ ಇಲ್ಲಿಗೆ ಬರಕ್ಕೆ ಹೇಳು."

ಮಧ್ಯಾಹ್ನ ರೂಪ ಫೋನು ಮಾಡಿದಳು. ಇಂಚರ ಮಾತಾಡಲು ಬರಲಿಲ್ಲ. "ಏನಾಯ್ತಪ್ಪಾ? ಹಟ ಮಾಡ್ತಿದಾಳಾ? ಎಳ್ಕೊಂಡೆಲ್ಲ ಬರ್ಬೇಡಿ, ಏರ್‌ಪೋರ್ಟ್ ಗೇಟ್ ಹತ್ರ ಮಲಗಿಬಿಟ್ರೆ ಅಮ್ಮನ ಕೈಲಿ ಎತ್ತಕ್ಕಾಗಲ್ಲ. ಬೇಡ ಅಂದ್ರೆ ಹೇಳಿ, ನಾನೇ ಬರ್ತೀನಿ. ಆದ್ರೆ ಈ ತಿಂಗಳು ರಜಾ ಸಿಗಲ್ಲ" ಎಂದಳು. "ಎಲ್ಲ ಸಿದ್ಧವಾಗಿದೆ" ಎಂದೆ. ಫೋನಿಟ್ಟ ಮೇಲೆ ಸರೋಜ ಸೌಟು ಹಿಡಿದು ಬಂದು ಆಜ್ಞೆ ಹೊರಡಿಸಿದಳು: "ನೋಡಿ, ನಾಳೆ ನಾವು ಮನೆ ಬಿಡೋವರೆಗೂ ಈ ಮನೇಲಿ ಯಾರೂ ಆ ಮಾತು ಆಡಕೂಡದು. ನೀವಂತೂ ಬಾಯೇ ಬಿಡಬೇಡಿ."

ಮಾತಿಗೆ ನಿಷೇಧ ಹಾಕುವುದು ಸುಲಭ, ಅದಿಲ್ಲದೆ ಸಂಸಾರ ಮಾಡುವುದು ಕಷ್ಟ ಎಂದು ಆ ಮಧ್ಯಾಹ್ನ ತಿಳಿಯಿತು. ಐದೇ ನಿಮಿಷಕ್ಕೆ ಸರೋಜಳೇ ಮಹಡಿ ಕಡೆ ಕಿವಿಗೊಟ್ಟು, "ರೀ, ಟ್ಯಾಂಕಿಗೆ ನೀರು ಬೀ..." ಎಂದು ತಡೆದು, "ನೀರು ಬಂತಾ ನೋಡಿ" ಎಂದಳು. ಬಾಲ್ಕನಿಗೆ ಬಿಸಿಲು ಬೀಳುತ್ತದೆ ಎನ್ನುವಂತಿಲ್ಲ. ಹಿಂದಿನ ದಿನ ಮಳೆ ಬಿತ್ತು ಎನ್ನುವಂತಿಲ್ಲ. ಟ್ಯಾಕ್ಸಿಗೆ ಎಷ್ಟು ಬೀಳುತ್ತದೆ ಎಂದು ಕೇಳುವಂತಿಲ್ಲ. ಕನ್ನಡಕ ಎಲ್ಲಿಟ್ಟೆನೋ ಕಣ್ಣಿಗೆ ಬೀಳಲಿಲ್ಲ ಎಂದು ಕೂಗಲು ಬಾಯಿ ತೆರೆದವನು ಮುಚ್ಚಿಕೊಂಡು ಅರ್ಧ ಗಂಟೆ ಕುರುಡನಂತೆ ತಡಕಾಡಿದೆ. ದೊಡ್ಡವರಿಬ್ಬರೂ ಅರ್ಧರ್ಧ ಮಾತಾಡಿ ನಿಲ್ಲಿಸುತ್ತಿದ್ದುದನ್ನು ಇಂಚರ ಮಂಚದ ಮೇಲಿಂದ ಗಮನಿಸುತ್ತಿದ್ದಳು. ನಾವು ನುಂಗಿದ ಒಂದೊಂದು ಮಾತಿಗೂ ಅವಳ ಕಣ್ಣು ಇನ್ನಷ್ಟು ದೊಡ್ಡದಾಗುತ್ತಿತ್ತು.

ನಾಲ್ಕು ಗಂಟೆಗೆ ಹಲಸೂರಿನಿಂದ ಷಣ್ಮುಗಂ ಬಂದ. ಒಂದೇ ಬೆಂಕಿ ಗಾಡಿಯಲ್ಲಿ ಅಕ್ಕಪಕ್ಕ ಕೂತವರು ನಾವು. ಮನೆಮಾತು ತಮಿಳು, ಆದರೆ ಕಾರ್ಖಾನೆಯ ಕನ್ನಡ ಸಂಘಕ್ಕೆ ಬಹಳ ಕಾಲ ಅವನೇ ಕಾರ್ಯದರ್ಶಿ. ನಿವೃತ್ತರಾದವರಿಗೆಲ್ಲ ಹಾರ ಹಾಕಿ ಭಾಷಣ ಮಾಡಿ ಮಾಡಿ ಅವನ ಕನ್ನಡ ನನ್ನದಕ್ಕಿಂತ ಶುದ್ಧವಾಗಿತ್ತು. ಅದೇ ನಮಗೆ ಮುಳುವಾಯಿತು. ಬಾಗಿಲಲ್ಲೇ ಚಿಪ್ಸ್ ಪೊಟ್ಟಣ ಎತ್ತಿಹಿಡಿದು, ಸಭೆಗೆ ಹೇಳುವಂತೆ ಹೇಳಿದ: "ಏನ್ ಗುರು, ನಾಳೆ ಪ್ರಯಾಣ! ಮಕ್ಕಳನ್ನ ಬೀಳ್ಕೊಡೋಣಾಂತ ಬಂದ್ಬಿಟ್ಟೆ!"

ಒಳಗಿನಿಂದ ಇಂಚರಳ ಅಳು ಕೇಳಿಸಿತು.

"ಅಯ್ಯೋ, ನಾನೇನಪ್ಪಾ ಮಾಡ್ದೆ?" ಎಂದು ಷಣ್ಮುಗಂ ಕಂಗಾಲಾದ. ಬೀಳ್ಕೊಡುವುದು ಎಂದರೆ ಪ್ರೀತಿಯಿಂದ ಕಳಿಸಿಕೊಡುವುದು, ಅದರಲ್ಲಿ ಯಾರೂ ಬೀಳುವುದಿಲ್ಲ ಎಂದು ಅವಳಿಗೆ ವಿವರಿಸಲು ಹೋದ. ವಿವರಣೆಯಲ್ಲಿ ಆ ಮಾತು ಇನ್ನೂ ಐದಾರು ಸಲ ಬಂತು. ಸರೋಜ ಕಾಫಿ ಕೊಟ್ಟು, "ಷಣ್ಮುಗಂ ಅಣ್ಣ, ತಪ್ಪು ತಿಳ್ಕೋಬೇಡಿ, ಬೇಗ ಕುಡೀರಿ" ಎಂದಳು. ಹೊರಡುವಾಗ ಅವನು ಮೆಟ್ಟಿಲ ಬಳಿ ನನ್ನ ಕಿವಿಯಲ್ಲಿ, "ಹೋದ ವರ್ಷ ಮಗಳ ಜೊತೆ ಹೋಗಿದ್ನಲ್ಲ, ಮೇಲೇಳ್ವಾಗ ಕಣ್ಣು ಗಟ್ಟಿ ಮುಚ್ಕೊಂಡಿದ್ದೆ ಗುರು. ಮುಚ್ಕೊಳ್ಳೋ ಮುಂಚೆ ನೋಡ್ದೆ, ರನ್‌ವೇ ಪಕ್ಕದಲ್ಲಿ ಬೆಂಕಿ ಗಾಡೀನೂ ಕಾಣ್ಲಿಲ್ಲ, ಏನ್ ಧೈರ್ಯ ಹೇಳು ಅವ್ರಿಗೆ!" ಎಂದ.

ಸಂಜೆ ಒಣಗಿದ ಬಟ್ಟೆ ತರಲು ಮಹಡಿಗೆ ಹೋದೆ. ಇಂಚರ ಹಿಂದೆಯೇ ಬಂದು ಕ್ಲಿಪ್ಪುಗಳನ್ನು ಬಕೆಟ್ಟಿಗೆ ಹಾಕತೊಡಗಿದಳು. ಇಂಥ ಸಮಯಕ್ಕೆ ನನ್ನ ಬಳಿ ಇದ್ದ ಸಮಾಧಾನಗಳೆಲ್ಲ ಖರ್ಚಾಗಿದ್ದವು. ಅಮ್ಮನ ಹೊಸ ಮನೆ, ಸಮುದ್ರ, ಕಿಟಕಿ ಸೀಟು, ಐಸ್‌ಕ್ರೀಮ್, ಎಲ್ಲವನ್ನೂ ಹೇಳಿಯಾಗಿತ್ತು. ಸುಮ್ಮನೆ ಟವೆಲ್ ಮಡಿಸಿದೆ. ಅಷ್ಟರಲ್ಲಿ ಕಾರ್ಖಾನೆಯ ಕಡೆಯಿಂದ ಒಂದು ವಿಮಾನ ಸದ್ದು ಮಾಡುತ್ತಾ ನಮ್ಮ ತಲೆಯ ಮೇಲೇ ಏರಿ ಹೋಯಿತು. ನನಗೆ ಗೊತ್ತಿಲ್ಲದೆಯೇ ಟವೆಲನ್ನು ಎದೆಗೆ ಅವುಚಿಕೊಂಡು, ಸದ್ದು ಕರಗುವವರೆಗೆ ನೋಡುತ್ತಾ ನಿಂತಿದ್ದೆ.

"ತಾತ, ನಿಂಗೆ ಭಯ ಆಗುತ್ತಾ?"

ಬೆಳಗಿನಿಂದ ಸುಳ್ಳು ಹೇಳಿ ಏನೂ ಪ್ರಯೋಜನವಾಗಿರಲಿಲ್ಲ. "ಆಗುತ್ತೆ ಕಣೆ" ಎಂದೆ.

"ಎಷ್ಟು?"

"ತುಂಬಾ."

"ನೀನೂ ಹೋಗೇ ಇಲ್ವಾ ಯಾವತ್ತೂ?"

"ಇಲ್ಲ."

ಅವಳ ಮುಖದಲ್ಲಿ ನಾನು ನಿರೀಕ್ಷಿಸಿದ ಗಾಬರಿ ಕಾಣಲಿಲ್ಲ. ಸಮಾಧಾನ ಕಂಡಿತು. ಇಡೀ ದಿನ ಈ ಮನೆಯಲ್ಲಿ ಹೆದರಿದವಳು ತಾನೊಬ್ಬಳೇ ಎಂದುಕೊಂಡಿದ್ದಳು ಪಾಪ. ಈಗ ಜೊತೆಗೊಬ್ಬ ಸಿಕ್ಕಿದ್ದ, ಅದೂ ತನಗಿಂತ ಹೆಚ್ಚು ಹೆದರಿದವನು. ಕ್ಲಿಪ್ಪಿನ ಬಕೆಟ್ಟು ಕೆಳಗಿಟ್ಟು, ಶಾಲೆಯ ಮಿಸ್ಸಿನ ದನಿಯಲ್ಲಿ, "ಹಾಗಾದ್ರೆ ನೀನು ನನ್ನ ಪಕ್ಕ ಕೂತ್ಕೋ. ಕಿಟಕಿ ಹತ್ರ ಬೇಡ, ನೀನು ನೋಡಿಬಿಡ್ತೀಯಾ. ಅಳಬಾರ್ದು, ಆಯ್ತಾ?" ಎಂದಳು. ಆಯಿತು ಎಂದೆ. ಕೆಳಗಿಳಿದವಳೇ ಮಂಚದ ಮೇಲಿನ ಬಟ್ಟೆಗಳನ್ನು ತಿರುಗಿ ಸೂಟ್‌ಕೇಸಿಗೆ ತುಂಬಿ, ಅಜ್ಜಿಯ ಫೋನಿನಿಂದ ಅಮ್ಮನಿಗೆ ಕರೆ ಮಾಡಿ ಸ್ಪೀಕರಿನಲ್ಲಿ ಹಾಕಿದಳು.

"ಅಮ್ಮಾ, ನಾಳೆ ನಾನು ತಾತನ್ನ ಕರ್ಕೊಂಡು ಬರ್ತೀನಿ. ತಾತಂಗೆ ತುಂಬಾ ಭಯ. ಯಾರಿಗೂ ಹೇಳ್ಬೇಡ."

ಆ ಕಡೆಯಿಂದ ನಗುವೋ ಅಳುವೋ ತಿಳಿಯದಂಥ ಸದ್ದು. ಈ ಕಡೆ ಸರೋಜ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ನನಗೆ ಗೊತ್ತಿದ್ದ ಮಟ್ಟಿಗೆ ತಿಪ್ಪಸಂದ್ರದ ಆ ಬೀದಿಯಲ್ಲಿ ನನ್ನ ಗುಟ್ಟು ಇನ್ನು ಹೇಳಬೇಕಾಗಿದ್ದದ್ದು ತರಕಾರಿಯವನೊಬ್ಬನಿಗೇ.

ಊಟವಾಯಿತು. ನಚ್ಚು ಅಜ್ಜಿಯ ಮಡಿಲಲ್ಲೇ ನಿದ್ದೆ ಹೋದ. ನಾನು ಗ್ಯಾಸಿನ ರೆಗ್ಯುಲೇಟರ್ ಆಫ್ ಮಾಡಿ, ನಲ್ಲಿಗಳನ್ನು ಬಿಗಿಮಾಡಿ, ಕಿಟಕಿಗಳ ಚಿಲಕ ನೋಡಿ, ಎಲ್ಲವನ್ನೂ ಎರಡನೆಯ ಸಲ ನೋಡಲು ಹೊರಟಿದ್ದೆ. ಇಂಚರ ಅಡ್ಡ ಬಂದು ಕೈ ಹಿಡಿದು ಮಂಚದವರೆಗೆ ಕರೆದೊಯ್ದಳು. ಹೊದಿಕೆಯನ್ನು ಗಲ್ಲದವರೆಗೆ ಎಳೆದು, ಕಣ್ಣು ಮುಚ್ಚಲು ಹೇಳಿ, ನಿಜವಾಗಿ ಮುಚ್ಚಿದ್ದೇನೆಯೇ ಎಂದು ಬಗ್ಗಿ ನೋಡಿ ದೀಪ ಆರಿಸಿದಳು. ಆ ಶನಿವಾರ ನಮ್ಮ ಮನೆಯಲ್ಲಿ ಮುಗಿದ ಕೊನೆಯ ಕೆಲಸ ಅದೇ, ನನ್ನನ್ನು ಮಲಗಿಸಿದ್ದು.