ಕೆರೆದಂಡೆಯ ಹನ್ನೆರಡು ನಿಮಿಷ

ತಾಪತ್ರಯಕ್ಕೆಲ್ಲ ಕಾರಣ ಒಂದು ಸೀಟಿ.

ಪ್ರವಾಸ ಕಂಪನಿಯಲ್ಲಿ ಒಂದು ದಿನದ ಪ್ರವಾಸಗಳಿಗೆ ವೇಳಾಪಟ್ಟಿ ಹಾಕುವವನಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ನಿಮಿಷರಾಯ. ಹಳೇ ಸೇತುವೆಗೆ ಹದಿನೆಂಟು ನಿಮಿಷ, ಶೌಚಾಲಯಕ್ಕೆ ಒಂಬತ್ತು, ಕೆರೆದಂಡೆಯಲ್ಲಿ ನಿಂತು ಬೆರಗಾಗಲು ಹನ್ನೆರಡು. ‘ಯೋಜಕರು ಸೀಟಿ ಊದುವ ತನಕ ಬಸ್ಸು ಕದಲಕೂಡದು’ ಎಂಬ ನಿಯಮ ಬರೆದವನೂ ಅವನೇ.

ಅಂದು ಹೊಸ ಪ್ರವಾಸದ ಪರೀಕ್ಷೆ. ಯಜಮಾನರು ತಮ್ಮ ಅತ್ತೆಯನ್ನೂ ಅವರ ಹತ್ತು ಮಂದಿ ಗೆಳತಿಯರನ್ನೂ ಬಸ್ಸು ಹತ್ತಿಸಿ, “ಅತ್ತೆ ಒಪ್ಪಿದ್ರೆ ಇನ್ಮೇಲೆ ಭಾನುವಾರ ನಿಮಗೆ ರಜಾ ಕಣ್ರೀ” ಎಂದರು. ನಿಮಿಷರಾಯನ ಕಣ್ಣು ತುಂಬಿ ಬಂತು. ಮನೆಯಲ್ಲಿ ಅವಳಿಗಳು ಪಾಳಿಯ ಮೇಲೆ ಅಳುತ್ತಿದ್ದವು. ಅವನು ನೆಟ್ಟಗೆ ಮಲಗಿ ಮೂರು ತಿಂಗಳಾಗಿತ್ತು.

ಸೇತುವೆಯ ಮೇಲೆ ಅತ್ತೆಯ ಚಪ್ಪಲಿ ಕಿತ್ತುಹೋಯಿತು. ಶೌಚಾಲಯದಲ್ಲಿ ಒಬ್ಬ ಗೆಳತಿಗೆ ಒಳಗಿನ ಚಿಲಕ ತೆಗೆಯಲು ಬರಲಿಲ್ಲ. ಇಪ್ಪತ್ತು ನಿಮಿಷ ಸೋರಿಹೋಯಿತು.

“ರಾಯರೇ, ನಿಮ್ಮ ಮುಖ ಹಿಂಡಿದ ಬಟ್ಟೆ ಥರ ಆಗಿದೆ. ಸ್ವಲ್ಪ ಕೂತ್ಕೊಳ್ಳಿ” ಎಂದ ಡ್ರೈವರ್, ಕೆರೆ ಬಂದಾಗ.

ನಿಮಿಷರಾಯ ಸೀಟಿಯನ್ನು ತುಟಿಗಿಟ್ಟುಕೊಂಡೇ ದೊಡ್ಡ ಮರದ ಹಿಂಬದಿಗೆ ಒರಗಿದ. ನೀರು ಹಾಲಿನ ಕೆನೆಯಂತೆ ಅಲುಗದೆ ಮಲಗಿತ್ತು. ಮೋಡವೊಂದು ಅದರೊಳಗೆ ಮೆಲ್ಲಗೆ ಮಗ್ಗುಲು ಬದಲಿಸಿತು. ನೋಡನೋಡುತ್ತ ಗಡಿಯಾರದ ಮುಳ್ಳುಗಳೆರಡೂ ಪುಟ್ಟ ದೋಣಿಗಳಾಗಿ, ಕೈಯಿಂದಿಳಿದು, ಕೆರೆಯ ಮೇಲೆ ತೇಲಿಹೋದವು.

ಪುಯ್ಯ್... ಪುಯ್ಯ್...

“ಇದ್ಯಾವ ಹಕ್ಕಿ ಕಣಪ್ಪಾ?” ಅತ್ತೆ ಬಸ್ಸಿನ ಗೈಡ್‌ನನ್ನು ಕೇಳಿದರು.

ಗೊತ್ತಿಲ್ಲ ಎನ್ನುವ ಅಭ್ಯಾಸ ಗೈಡ್‌ಗೆ ಇರಲಿಲ್ಲ. “ಈ ಕೆರೇಲಿ ಮಾತ್ರ ಇರೋದು ಅಮ್ಮಾ. ಕಣ್ಣಿಗೆ ಬೀಳಲ್ಲ.”

ಡ್ರೈವರ್ ಮರದ ಹಿಂದೆ ಇಣುಕಿ ಬಂದು ಗೈಡ್‌ನ ಕಿವಿಯಲ್ಲಿ, “ರಾಯರಿಗೆ ನಿದ್ದೆ ಹತ್ತಿದೆ. ಆದ್ರೂ ಸೀಟಿ ಆಯ್ತಲ್ಲ, ಹೊರಡೋಣ್ವಾ?” ಎಂದ.

“ಅದು ಊದಿದ್ದಲ್ಲ ಮಾರಾಯಾ, ಉಸಿರು. ನಿಯಮ ಅಂದ್ರೆ ನಿಯಮ.”

ಕಾಯುತ್ತ ಕಾಯುತ್ತ ಹೆಂಗಸರು ಒಬ್ಬೊಬ್ಬರಾಗಿ ಹುಲ್ಲಿಗೊರಗಿದರು. ಡ್ರೈವರ್ ಒರಗಿದ. ಗೈಡ್ ಕೂಡ.

ಎಚ್ಚರವಾದಾಗ ಬಿಸಿಲು ಓರೆಯಾಗಿತ್ತು. ಎರಡೂವರೆ ಗಂಟೆ ಕಳೆದುಹೋಗಿತ್ತು! ‘ರಜೆ ಹಾಗಿರಲಿ, ಕೆಲಸವೇ ಹೋಯ್ತು’ ಎಂದು ನಿಮಿಷರಾಯ ದಾರಿಯುದ್ದಕ್ಕೂ ಉಗುರು ಕಚ್ಚಿದ.

ಆಫೀಸಿನ ಬಾಗಿಲಲ್ಲೇ ಅತ್ತೆ ಕೂಗಿದರು: “ಅಳಿಯಂದ್ರೇ, ಇಂಥ ನಿದ್ದೆ ಮಾಡಿ ನಲವತ್ತು ವರ್ಷ ಆಗಿತ್ತು! ಆ ಹಕ್ಕಿ ಜೋಗುಳ ಹಾಡ್ದಂಗೆ ಹಾಡ್ತು!”

ಯಜಮಾನರು ಉಬ್ಬಿಹೋದರು. ಡ್ರೈವರ್ ಅವರ ಕಿವಿಯಲ್ಲಿ ಏನೋ ಉಸುರಿದ.

“ಹಾಗಾದ್ರೆ ಭಾನುವಾರ ರಜಾ, ಸಾರ್?” ಎಂದ ನಿಮಿಷರಾಯ.

“ಹಕ್ಕಿ ಯಾವುದು ಅಂತ ಡ್ರೈವರ್ ಹೇಳ್ದ” ಎಂದು ಯಜಮಾನರು ನಿಮಿಷರಾಯನ ಹೆಗಲ ಮೇಲೆ ಕೈಯಿಟ್ಟರು. “ಹಕ್ಕಿಗೆಲ್ಲಿ ರಜಾ ಕಣ್ರೀ? ಪ್ರತಿ ಭಾನುವಾರ ಮರದ ಹಿಂದೆ ಕೂತು ಹಾಗೇ ಊದ್ಬೇಕು. ಆದ್ರೆ ನೀವು ಮಾತ್ರ ತೂಕಡಿಸೋ ಹಾಗಿಲ್ಲ, ತಾಳ ತಪ್ಪುತ್ತೆ.”

ನಿಮಿಷರಾಯ ಆಕಳಿಕೆ ನುಂಗಿಕೊಂಡು, ಪಟ್ಟಿಯಲ್ಲಿ ಹನ್ನೆರಡನ್ನು ಹೊಡೆದುಹಾಕಿ ನೂರೈವತ್ತು ಎಂದು ಬರೆದ.