ದೊಡ್ಡಮ್ಮನ ಅವರೆಕಾಳು ಹೆಣಿಗೆ

ನಮ್ಮ ದೊಡ್ಡಮ್ಮನ ಮನೆಯಲ್ಲಿ ಮೈಮೇಲೆ ಬಟ್ಟೆಯಿಲ್ಲದೆ ನಿಂತಿದ್ದದ್ದು ಒಲೆ ಒಂದೇ. ಅದಕ್ಕೂ ಒಂದು ಅಂಗಿ ಹೆಣೆಯುತ್ತಿದ್ದರೇನೋ, ಬೆಂಕಿ ಹೊತ್ತಿಕೊಳ್ಳುತ್ತದಲ್ಲ ಅಂತ ಬಿಟ್ಟಿದ್ದರು!

ಅವರು ನಮ್ಮವ್ವನ ಅಕ್ಕ. ಯಲಹಂಕದ ಹಳೇ ಊರಿನೊಳಗೆ ಮನೆ. ಕೈಯಲ್ಲಿ ಸದಾ ಕ್ರೋಶಾ ಕಡ್ಡಿ, ಮಡಿಲಲ್ಲಿ ನೂಲಿನ ಉಂಡೆ. ರೇಡಿಯೋಗೆ ಹೊದಿಕೆ, ಸರಿ, ಅದು ರೇಡಿಯೋ ಇದ್ದವರೆಲ್ಲರ ಮನೆಯಲ್ಲೂ ಇತ್ತು. ಉಪ್ಪಿನಕಾಯಿ ಜಾಡಿಗೆ? ರುಬ್ಬುವ ಗುಂಡಿಗೆ? ಹಸುವಿನ ಎರಡು ಕೊಂಬಿಗೂ ಕುಚ್ಚಿಟ್ಟ ಕುಲಾವಿ ಹಾಕಿದ್ದರು. ದೊಡ್ಡಪ್ಪ ಒಂದು ಕಡೆ ಹೆಚ್ಚು ಹೊತ್ತು ಕೂರುತ್ತಲೇ ಇರಲಿಲ್ಲ. "ಕುಂತ್ರೆ ಅಳತೆ ತಗೊಂಬುಡ್ತಾಳೆ ಕಣವ್ವ," ಅನ್ನುತ್ತಿದ್ದರು.

ಅರವತ್ತರ ದಶಕದ ಶುರು. ನನಗೆ ಹದಿನೆಂಟು. ಹೆಬ್ಬಾಳದಿಂದ ಗಂಡಿನ ಕಡೆಯವರು ನನ್ನನ್ನು ನೋಡೋಕೆ ಬರುತ್ತಾರೆ ಅಂತಾಯಿತು. ಹುಡುಗಿ ಕೈಯಾರೆ ಮಾಡಿದ್ದು ಏನಾದರೂ ತಟ್ಟೆಯಲ್ಲಿಟ್ಟು ಅವರಿಗೆ ತೋರಿಸಬೇಕು, ಆಗಿನ ಪದ್ಧತಿ. ನನಗೋ ಸೂಜಿಗೆ ದಾರ ಪೋಣಿಸುವುದೂ ಬರುತ್ತಿರಲಿಲ್ಲ. ಅವ್ವ ನನ್ನನ್ನು ಕೊಡಿಗೇಹಳ್ಳಿಯಿಂದ ಎಳೆದುಕೊಂಡು ಹೋಗಿ ತನ್ನ ಅಕ್ಕನ ಮುಂದೆ ಕೂರಿಸಿದಳು.

"ಅಕ್ಕಾ, ಒಂದು ರೇಡಿಯೋ ಬಟ್ಟೆ ಮಾಡ್ಕೊಡು. ಇವ್ಳೇ ಮಾಡಿದ್ದು ಅಂತ ಇಡಾನ."

ಯಾವಾಗಲೂ ನಗುವ ದೊಡ್ಡಮ್ಮನ ಮುಖ ಗಂಟಿಕ್ಕಿತು. "ಅದೊಂದು ಆಗಾಕಿಲ್ಲ. ಇನ್ನೂ ಒಂದು ತಿಂಗ್ಳೈತೆ. ಮಗೀನ ಇಲ್ಲೇ ಬುಟ್ಟೋಗು."

ಕಲಿಸುವುದಕ್ಕೆ ಸುಲಭದ್ದು ಆರಿಸಿಕೊಂಡರೆ? ಉಹುಂ. ಅವರೆಕಾಳು ಹೆಣಿಗೆಯೇ ಆಗಬೇಕು. ಒಂದೇ ತೂತಿನಲ್ಲಿ ಐದು ಸಲ ನೂಲೆಳೆದು, ಐದನ್ನೂ ಒಟ್ಟಿಗೆ ಬಿಗಿದರೆ ಬಟ್ಟೆಯ ಮೇಲೆ ಕಾಳಿನ ಹಾಗೆ ಉಬ್ಬಿ ನಿಲ್ಲುತ್ತದೆ. ದೊಡ್ಡಮ್ಮನ ಕೈಯಲ್ಲಿ ನಿಲ್ಲುತ್ತಿತ್ತು. ನನ್ನದು ಮಲಗುತ್ತಿತ್ತು.

"ನೂಲಿನ ಕತ್ತು ಯಾಕೆ ಇಸುಕ್ತೀಯ? ಅದೇನು ಮಾಡೈತೆ ನಿಂಗೆ?" ಅಂತ ಸರ್ರನೆ ಎಳೆದು ಪೂರ್ತಿ ಬಿಚ್ಚಿಬಿಡುತ್ತಿದ್ದರು.

ಹೀಗೇ ಒಂದು ವಾರ ಕಳೆಯಿತು. ಆಮೇಲೊಂದು ಬೆಳಗ್ಗೆ ನನ್ನ ಮುಂದೆ ಬಂದು ಕೂತದ್ದು ನೂಲಲ್ಲ, ನೆನೆಸಿದ ಅವರೆಕಾಳಿನ ಬೋಗುಣಿ. ಬೆರಳಲ್ಲಿ ಹಿದುಕಿ ಸಿಪ್ಪೆಯಿಂದ ಬೇಳೆ ಹಾರಿಸಬೇಕಂತೆ. ಜಾಸ್ತಿ ಒತ್ತಿದರೆ ಮುರಿಯುತ್ತದೆ, ಕಮ್ಮಿ ಒತ್ತಿದರೆ ಈಚೆಗೇ ಬರುವುದಿಲ್ಲ. ನಾಲ್ಕು ದಿನ ಹಿದುಕಿದೆ. ನಾಲ್ಕು ದಿನವೂ ಮನೆಯಲ್ಲಿ ಹಿದುಕಿದ ಬೇಳೆ ಸಾರು. ಬಿಟ್ಟಿ ದುಡಿಸಿಕೊಳ್ಳುತ್ತಿದ್ದಾರೆ ಅಂತ ದೊಡ್ಡಪ್ಪನ ಹತ್ತಿರ ದೂರು ಹೇಳಿದೆ. "ನೋಡವ್ವ, ಸಾರಂತೂ ಚೆಂದಾಗೈತೆ," ಅಂದರು.

ಐದನೆಯ ದಿನ ಕಡ್ಡಿ ಹಿಡಿದರೆ ಬೆರಳಿಗೇ ಹದ ತಿಳಿದಿತ್ತು. ಮೊದಲ ಕಾಳು ಉಬ್ಬಿ ನಿಂತಾಗ ನನಗೆ ಆದ ಸಂತೋಷ ಇಷ್ಟು ಅಂತ ಹೇಳಲಾರೆ.

ಗಂಡಿನವರು ಬಂದರು. ಗಂಡಿನ ತಾಯಿ ತಟ್ಟೆಯಲ್ಲಿದ್ದ ಬಟ್ಟೆ ಬಿಡಿಸಿದರು. ನಡುವೆ ಒಂದು ಸಾಲು ಬೋಳು! ತಿರುಗಿಸಿ ನೋಡಿದರು. ಆ ಸಾಲಿನ ಕಾಳೆಲ್ಲ ಹಿಂದುಗಡೆ ಉಬ್ಬಿ ಕೂತಿದ್ದವು. ಬಟ್ಟೆ ಯಾವ ಮಗ್ಗುಲಿಗಿದೆ ಅಂತ ನೋಡದೆ ಹೆಣೆದಿದ್ದೆ. ದೊಡ್ಡಮ್ಮನ ಕಡೆ ನೋಡಿದೆ. ಅವರು ತಲೆಯೆತ್ತಿ ತೊಲೆ ಎಣಿಸುತ್ತಿದ್ದರು.

"ಯಾರು ಮಾಡಿದ್ದು ಇದು?" ಅಂತ ಗಂಡಿನ ತಾಯಿ ಕೇಳಿದರು.

"ನಾನೇ," ಅಂದೆ.

"ಗೊತ್ತಾಯ್ತು ಬುಡವ್ವ," ಅಂತ ಆಕೆ ನಕ್ಕರು. "ಕೈ ಪಳಗಿದೋರು ಇಂಗೆ ತಪ್ಪಾಕಿಲ್ಲ. ನೀನೇ ಕುಂತು ಕಲ್ತಿದೀಯ." ಬಟ್ಟೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಮದುವೆ ಗೊತ್ತಾಯಿತು.

ಹೆಣ್ಣೊಪ್ಪಿಸುವ ದಿನ ದೊಡ್ಡಮ್ಮನನ್ನು ಹಿಡಿದು ಕೇಳಿದೆ. "ಅಷ್ಟು ಸಲ ಬಿಚ್ಚಿದ್ರಿ, ಆ ಸಾಲು ಮಾತ್ರ ಯಾಕೆ ಬಿಟ್ರಿ?"

"ನಿನ್ ಕೈದೇ ಅಂತ ಗೊತ್ತಾಗ್ಲಿ ಅಂತ ಬುಟ್ಟೆ." ಸೆರಗಿನಿಂದ ಮೂಗೊರೆಸಿಕೊಂಡರು. "ನನ್ನ ನೋಡಾಕೆ ಬಂದಾಗ ಪಕ್ಕದ್ಮನೆಯೋಳು ಮಾಡಿದ್ದ ಇಟ್ಟಿದ್ರು ಕಣೇ. ಮದ್ವೆಯಾದ ಮೂರ್ನೇ ದಿನ ನಮ್ಮತ್ತೆ ಕಡ್ಡಿ ಕೈಗಿಟ್ಟು, ಎಲ್ಲಿ ಮಾಡು ನೋಡಾನ ಅಂದ್ರು. ನಂಗೊಂದು ಗಂಟೂ ಬರ್ತಿರ್ಲಿಲ್ಲ. ಆಮ್ಯಾಕೆ ಕಲ್ತೆ, ಎಷ್ಟು ಕಲ್ತ್ರೇನು? ಸಾಯೋವರ್ಗೂ ಆವಮ್ಮ ನನ್ನ ಹೆಸ್ರು ಹಿಡ್ದು ಕರೀಲಿಲ್ಲ. ಸುಳ್ಳಿ ಅಂತಲೇ ಕರೆದ್ರು."

ಹಸುವಿನ ಕೊಂಬಿನ ಕುಲಾವಿ ನೋಡಿ ವರ್ಷಗಟ್ಟಲೆ ನಕ್ಕವಳು ನಾನು. ಆ ಮನೆಯಲ್ಲಿ ಒಂದು ಜಾಡಿಯನ್ನೂ ಬಿಡದೆ ಹೊದಿಸಿ ಅವರು ಯಾರಿಗೆ ತೋರಿಸುತ್ತಿದ್ದರು ಅಂತ ಅವತ್ತು ಗೊತ್ತಾಯಿತು.

ಅತ್ತೆಮನೆಯ ರೇಡಿಯೋ ಹಾಳಾಗಿ ಎಷ್ಟೋ ಕಾಲವಾಯಿತು, ಬಟ್ಟೆ ನನ್ನ ಹತ್ತಿರ ಇದೆ. ಬೋಳು ಸಾಲೂ ಹಾಗೇ ಇದೆ. ಕೇಳಿಸಿತಾ ದೊಡ್ಡಮ್ಮ, ನಮ್ಮತ್ತೆ ಬದುಕಿದ್ದಷ್ಟು ದಿನವೂ ನನ್ನನ್ನು ಹೆಸರು ಹಿಡಿದೇ ಕರೆದರು.