ಗಿರಣಿ ಗಾಡಿಯ ಹೊಗೆ ನಿಲ್ಲಿಸಿದ್ದು

ಹೊಗೆ ನಿಲ್ಲಿಸಲು ಮೆಕ್ಯಾನಿಕ್ ಯಾಕೆ? ನಾನೇ ಸಾಕು!

ಮೂರನೇ ಇಯತ್ತೆ ಕಲಿತ ಹೆಂಗಸು ನಾನು. ಆದರೆ ಮೂವತ್ತು ವರ್ಷ ಒಲೆಯ ಮುಂದೆ ಕೂತು ಹೊಗೆಯೊಂದಿಗೆ ಗುದ್ದಾಡಿದವಳು. ಒಂದು ಟಂಟಂ ಗಾಡಿಯ ಹೊಗೆ ನನಗೆ ಯಾವ ಲೆಕ್ಕ! ಹೀಗೆಂದು ಮೈದುನ ಮಾಲಿಂಗನ ಎದುರು ಎದೆ ತಟ್ಟಿ ಹೇಳಿದೆ. ಹೇಳಿ ಕೆಟ್ಟೆ.

ಮೊದಲು ಗಾಡಿಯ ವಿಷಯ. ನಮ್ಮ ಮನೆಯವರು ಹಳೆಯ ಮೂರು ಗಾಲಿಯ ಟಂಟಂ ತಂದು, ಹಿಂದಿನ ಸೀಟು ಕಿತ್ತು, ಅಲ್ಲಿ ಹಿಟ್ಟಿನ ಗಿರಣಿ ಕೂರಿಸಿದರು. ಒಂದೇ ಇಂಜಿನ್ನು. ಓಡಿದರೆ ಗಾಡಿ, ನಿಂತರೆ ಗಿರಣಿ! ಹೊಗೆ ಹಿಟ್ಟಿಗೆ ತಾಗಬಾರದೆಂದು ಸೈಲೆನ್ಸರಿಗೆ ಮೂರು ತುಂಡು ಪೈಪು ಜೋಡಿಸಿ ಗಾಡಿಯ ನೆತ್ತಿಯ ಮೇಲಕ್ಕೆ ಎತ್ತಿದರು. ಸಕ್ಕರೆ ಕಾರ್ಖಾನೆಯ ಚಿಮಣಿಗೆ ಮರಿ ಹುಟ್ಟಿದಂತೆ ಕಾಣುತ್ತಿತ್ತು. ಬೆಲ್ಲದ ಬಾಗೇವಾಡಿಯಿಂದ ಹುಕ್ಕೇರಿಯ ತನಕ ಜನರ ಬಾಗಿಲಿಗೇ ಗಿರಣಿ ಹೋಗುತ್ತಿತ್ತು. ನನಗೂ ಓಡಿಸಲು ಕಲಿಸಿದರು. ಅವರು ನನಗಿಂತ ಒಂದು ಇಯತ್ತೆ ಕಡಿಮೆ. ಆದರೆ ಆ ಕೈಗಳಿಗೆ ಯಾವ ಕಾಲೇಜೂ ಬೇಕಿರಲಿಲ್ಲ.

ಎಂಟು ತಿಂಗಳ ಹಿಂದೆ ಎದೆ ಹಿಡಿದುಕೊಂಡು ಕೂತರು. ಏಳಲಿಲ್ಲ.

ದಿನಕರ್ಮ ಮುಗಿದ ಮೇಲೆ ಗಾಡಿ ತೊಳೆದೆ. ಪೈಪಿನ ಬಾಜೂ ಒಂದು ಚಪ್ಪಲಿ ಜೋತಾಡುತ್ತಿತ್ತು. ಹೊಗೆ ಹಿಡಿದು ಕರ್ರಗಾಗಿ, ಯಾರದೆಂದು ಗುರುತೇ ಸಿಗದಂತಿತ್ತು. ದೃಷ್ಟಿ ತಾಗಬಾರದೆಂದು ಗಾಡಿಗೆ ಹಳೆಯ ಚಪ್ಪಲಿ ಕಟ್ಟುವುದು ಗೊತ್ತಿದ್ದದ್ದೇ. ನನಗೆ ಸಿಟ್ಟು ಬಂತು. ಗಾಡಿಯನ್ನು ಕಾದ ಚಪ್ಪಲಿ ಗಾಡಿಯವರನ್ನು ಕಾಯಲಿಲ್ಲವಲ್ಲ! ಕುಡಗೋಲಿನಿಂದ ಕೊಯ್ದು ತಿಪ್ಪೆಗೆ ಒಗೆದೆ. ಪೈಪು ಗಡಗಡ ಅಲುಗಿತು. ಆಗಲಾದರೂ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ತಂತಿ ತಂದು, ಕಬ್ಬಿನ ಪೆಂಡಿ ಕಟ್ಟಿದಂತೆ ಪೈಪನ್ನು ಗಾಡಿಗೆ ಬಿಗಿದೆ. ಈಗ ಅಲುಗಲಿ ನೋಡೋಣ!

ಇನ್ನೊಂದು ಮಾತು. ಗಾಡಿ ಹೊರಟರೆ ಎದುರುಮನೆ ರಾಮವ್ವನ ನಾಯಿ ಓಣಿಯ ತುದಿಯವರೆಗೆ ಬೊಗಳುತ್ತಾ ಬೆನ್ನು ಹತ್ತುತ್ತಿತ್ತು. ನಮ್ಮವರು ಹೋದ ಮೇಲೆ ಅದೂ ಬಿಟ್ಟಿತು. ನಾಯಿಗೂ ಬೇಡವಾದೆ ಅಂದುಕೊಂಡೆ. ರಾಮವ್ವನಿಗಂತೂ ಮೂರು ವರ್ಷದಿಂದ ನಾನು ಬೇಡ. ಅವಳ ನಾಯಿ ನನ್ನ ಟಾಯರ್ ಚಪ್ಪಲಿಯಲ್ಲಿ ಒಂದನ್ನು ಕದ್ದಿತೆಂದು ಓಣಿ ಕೂಡಿಸಿ ಜಗಳ ಮಾಡಿದ್ದೆ. ಅಂದಿನಿಂದ ಮಾತಿಲ್ಲ.

ಈ ತಿಂಗಳು ಪೈಪಿನ ಸಂದಿನಿಂದ ಹೊಗೆ ಸೋರತೊಡಗಿತು. ಸೋರಿದ್ದೆಲ್ಲ ಹಿಟ್ಟಿಗೆ! ಹುಕ್ಕೇರಿಯ ಜಿನ್ನವ್ವ ನಮ್ಮ ದೊಡ್ಡ ಗಿರಾಕಿ. ಆಕೆ ಮೂಗು ಮುಚ್ಚಿಕೊಂಡು ಬಂದಳು.

“ಏನವಾ, ನಿನ್ನ ಹಿಟ್ಟಿನ ರೊಟ್ಟಿ ತಿಂದ್ರ ಬಸ್ ಸ್ಟ್ಯಾಂಡಿನ್ಯಾಗ ನಿಂತಂಗ ಆಗತೈತಿ! ಬುಧವಾರ ಮದುವಿ ಗೋದಿ ಬೀಸೂದೈತಿ. ವಾಸನಿ ಬಂತಂದ್ರ ಬ್ಯಾರೆ ಗಿರಣಿ ನೋಡ್ತೇನಿ.”

ಮಾಲಿಂಗನ ಕಿವಿಗೆ ಇದು ಬಿತ್ತು.

“ವೈನಿ, ಜಿನ್ನವ್ವಕ್ಕ ಬಿಟ್ರ ಊರ ಬಿಟ್ಟಂಗ. ಬುಧವಾರಾನೂ ಹಿಂಗ ಆತಂದ್ರ ಗುಜರಿಗೆ ಹಾಕಿಬಿಡೂಣು.”

“ನಿಮ್ಮಣ್ಣ ಮಾಡಿದ ಗಾಡಿ ಅದು!”

“ಅಣ್ಣ ಮಾಡಿದ್ದು ಖರೆ. ಈಗ ನೋಡಾವ್ರ ಯಾರ ಅದಾರು?”

“ನಾ ಇಲ್ಲೇನ?”

ಹೀಗೆ ಎದೆ ತಟ್ಟಿದ್ದು.

ನನ್ನ ಉಪಾಯ ಕೇಳಿ. ಪಾತ್ರೆಯಿಂದ ಹಬೆ ಹೋಗಬಾರದೆಂದರೆ ಮುಚ್ಚಳದ ಸುತ್ತ ಹಿಟ್ಟು ಮೆತ್ತುತ್ತೇವೆ. ಹಬೆಯ ಅಣ್ಣನೇ ಹೊಗೆ! ಜೋಳದ ಹಿಟ್ಟು ನಾದಿ, ಪೈಪಿನ ಎರಡೂ ಸಂದಿಗೆ ಮೆತ್ತಿ, ಹಳೆಯ ಸೀರೆಯ ಚೂರು ಸುತ್ತಿದೆ. ಸೋಮವಾರ ಹುಕ್ಕೇರಿಯ ದಾರಿ ಹಿಡಿದೆ. ಒಂದು ಮೈಲು ಹೋಗುವಷ್ಟರಲ್ಲಿ ಘಮ್ಮೆಂದು ರೊಟ್ಟಿ ಬೇಯುವ ವಾಸನೆ! ಸೀರೆ ಸುಟ್ಟಿತು. ಹಿಟ್ಟು ಬೆಂದು, ಬಿರಿದು, ತುಂಡು ತುಂಡಾಗಿ ರಸ್ತೆಗೆ ಉದುರಿತು. ಹುಕ್ಕೇರಿ ಮುಟ್ಟುವಾಗ ಹಿಂದೆ ಏಳು ನಾಯಿಗಳ ಮೆರವಣಿಗೆ. ಕಟ್ಟೆಯ ಮೇಲೆ ಜಿನ್ನವ್ವ.

“ಏನವಾ, ಗಿರಣಿ ಬಿಟ್ಟ ಖಾನಾವಳಿ ತಗದೀ ಏನ?”

ಅವಮಾನವಾಯಿತು. ಇಕ್ಕಳ ತಗೊಂಡು ತಂತಿಯನ್ನು ಇನ್ನೆರಡು ಸುತ್ತು ಬಿಗಿದೆ. ಬಿಗಿಯಾದಷ್ಟೂ ಸಂದು ಬಾಯಿ ತೆರೆಯಿತು. ಮರುದಿನ ಗಾಡಿ ಫಟಫಟ ಎಂದು ಮೂರೂರಿಗೆ ಡಂಗುರ ಸಾರುತ್ತಾ ಘಟಪ್ರಭೆಗೆ ಹೋಯಿತು. ಸತ್ತೆಪ್ಪನ ವೆಲ್ಡಿಂಗ್ ಅಂಗಡಿಗೆ. ನಮ್ಮವರು ಈ ಪೈಪು ಜೋಡಿಸಿದ್ದು ಅಲ್ಲೇ. ಮೆಕ್ಯಾನಿಕ್ಕೇ ಬೇಡ ಎಂದಿದ್ದವಳು ನಾನು!

ಆತ ಪೈಪು ಕೆರೆದ.

“ಅಕ್ಕಾರ, ಇದೇನ್ರಿ?”

“ಜ್ವಾಳದ ಹಿಟ್ಟು.”

“ಪಲ್ಯಾ ತಂದೀರೇನು?”

ಇಂಜಿನ್ ಪೂರ್ತಿ ಆರಿದ ಮೇಲೆ ಒಮ್ಮೆ ಚಾಲೂ ಮಾಡಿದ. ಪೈಪಿನ ಮೇಲಿನ ಬಾಯಿಗೆ ಅರಿವೆ ಒತ್ತಿ ಹಿಡಿದು, ಸಂದುಗಳ ಮೇಲೆ ಸಾಬೂನಿನ ನೀರು ಸುರಿದ. ಕೆಳಗಿನ ಸಂದು ಬುಸುಬುಸು ಗುಳ್ಳೆ ಬಿಟ್ಟಿತು. ಕಳ್ಳ ಸಿಕ್ಕ!

“ಹೊಸಾ ಪ್ಯಾಕಿಂಗ್ ಹಾಕಿ ಪಟ್ಟಿ ಬಿಗಿತೇನಿ. ಆದ್ರ ಈ ತಂತಿ ಯಾವ ಮಹಾನುಭಾವ ಕಟ್ಟಿದ್ರಿ?”

“ನಾನ.”

“ಇಂಜಿನ್ ಕುಣಿತೈತ್ರಿ ಅಕ್ಕಾರ. ಪೈಪೂ ಅದರ ಜೋಡಿ ಕುಣೀಬೇಕು. ನೀವು ಅದರ ಕೊಳ್ಳ ಕಟ್ಟಿ ನಿಲ್ಲಿಸೀರಿ. ಸಂದ ಬಿಡದ ಏನ ಮಾಡೀತು? ಇಲ್ಲೊಂದ ಚಪ್ಪಲಿ ಇತ್ತಲ್ಲ?”

“ಅದು ದೃಷ್ಟಿದು. ಕೊಯ್ದ ಒಗದೆ.”

ಸತ್ತೆಪ್ಪ ಹಣೆ ಬಡಿದುಕೊಂಡ.

“ಯಾರ ಹೇಳಿದ್ರು ದೃಷ್ಟಿದಂತ? ಪೈಪ ಜೋತ ಬಿದ್ದಿದ್ದ ಅದರ ಮ್ಯಾಲ! ನಿಮ್ಮ ಮನಿಯವರು, ಮಾಳಪ್ಪಣ್ಣ, ನಾಕ ತರಾ ರಬ್ಬರ್ ಹಾಕಿ ನೋಡಿದ್ರು. ಎಲ್ಲಾ ಹರದ್ವು. ಕಡೀಕ ಚೀಲದಾಗಿಂದ ಹೆಣಮಕ್ಕಳ ಟಾಯರ್ ಚಪ್ಪಲಿ ತಗದ್ರು. ‘ಸತ್ತೆಪ್ಪಾ, ನಮ್ಮಾಕಿಗೆ ಹೇಳಬ್ಯಾಡ. ಇದನ್ನ ಹುಡುಕ್ಕೋತ ನಾಯಿ ಜೋಡಿ ಜಗಳಾ ತಗದಾಳ’ ಅಂದ್ರು.”

ನಾನು ಅಲ್ಲೇ ಕೂತೆ. ಎಂಟು ತಿಂಗಳಲ್ಲಿ ಮೊದಲ ಸಲ ನಕ್ಕೆ. ಕಣ್ಣೊರೆಸಿಕೊಂಡೆ. ಮತ್ತೆ ನಕ್ಕೆ. ಎಂಥ ಮನುಷ್ಯ! ಓಣಿಯಲ್ಲಿ ನಾನು ಕೂಗಾಡುವಾಗ ಪಕ್ಕದಲ್ಲೇ ನಿಂತು, “ಹೋಗ್ಲಿ ಬಿಡ, ಹೊಸಾವ ಕೊಡಸ್ತೇನಿ” ಅಂದಿದ್ದರು. ಕೊಡಿಸಿದ್ದರು ಕೂಡ.

“ಇನ್ನೊಂದ ಕಾಲಿಂದು ಐತೇನ್ರಿ?” ಸತ್ತೆಪ್ಪ ಕೇಳಿದ.

ಇತ್ತು. ಜೋಡಿ ಸಿಕ್ಕೀತೆಂದು ಮೂರು ವರ್ಷದಿಂದ ಅಟ್ಟದ ಮೇಲೆ ಇಟ್ಟಿದ್ದೆ. ಬಸ್ಸು ಹತ್ತಿ ಹೋಗಿ ತಂದೆ. ಸತ್ತೆಪ್ಪ ಅದಕ್ಕೆ ಎರಡು ತೂತು ಹೊಡೆದು, ನಮ್ಮವರು ಬೆಸೆದಿದ್ದ ಎರಡು ಕೊಂಡಿಗಳ ನಡುವೆ ತೂಗುಹಾಕಿದ. ಗಾಡಿ ಚಾಲೂ ಆಯಿತು. ಇಂಜಿನ್ ಕುಣಿಯಿತು, ಪೈಪು ಕುಣಿಯಿತು, ನಡುವೆ ನನ್ನ ಚಪ್ಪಲಿ ಕುಣಿಯಿತು. ಸಂದಿನಲ್ಲಿ ಒಂದು ಎಳೆ ಹೊಗೆ ಇಲ್ಲ!

ಬುಧವಾರ ಜಿನ್ನವ್ವ ಹಿಟ್ಟನ್ನು ಮೂರು ಸಲ ಮೂಸಿದಳು. “ಏನೂ ವಾಸನಿ ಇಲ್ಲಲ್ಲ!” ಅಂದಳು, ತುಸು ಬೇಸರದಿಂದಲೇ. ಮಾಲಿಂಗ ಗುಜರಿಯ ಮಾತು ಎತ್ತಲಿಲ್ಲ. ಪೈಪಿನ ಕೆಳಗೆ ಬಗ್ಗಿ, ಅಣ್ಣನ ಕೆಲಸವನ್ನು ಬಹಳ ಹೊತ್ತು ನೋಡಿದ.

ಸಂಜೆ ಗಾಡಿ ಓಣಿಗೆ ತಿರುಗಿದ್ದೇ ತಡ, ರಾಮವ್ವನ ನಾಯಿ ಎದ್ದು ಬೊಗಳುತ್ತಾ ಬೆನ್ನು ಹತ್ತಿತು. ಎಂಟು ತಿಂಗಳು ಸುಮ್ಮನಿದ್ದ ನಾಯಿ! ಚಪ್ಪಲಿಗೇ ಜಿಗಿಯುತ್ತಿತ್ತು.

ಒಂದು ಬುಟ್ಟಿ ಹಿಟ್ಟು ತಗೊಂಡು ರಾಮವ್ವನ ಬಾಗಿಲಿಗೆ ಹೋದೆ. ತಲೆ ಬಗ್ಗಿಸಿದೆ.

“ತಪ್ಪಾತ ರಾಮವ್ವಾ. ನಿನ್ನ ನಾಯಿ ಕದ್ದಿಲ್ಲ. ಚಪ್ಪಲಿ ನಮ್ಮ ಗಾಡಿಗೇ ಇತ್ತು.”

ರಾಮವ್ವ ಹಿಟ್ಟಿನ ಬುಟ್ಟಿ ಒಳಗಿಟ್ಟು ಬಂದಳು. ನಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು.

“ಪಾಪ, ಅದು ದಿನಾ ಗಾಡಿ ಹಿಂದ ಓಡಿ ನಿನಗ ಅದನ್ನ ಹೇಳಾಕತ್ತಿತ್ತು. ನಾ ಏನೋ ಬೊಗಳಾಕತ್ತೈತಿ ಅನ್ಕೊಂಡಿದ್ದೆ. ಬೊಗಳಾಕತ್ತಾಕಿ ನೀ ಇದ್ದಿ!”